ನಿಂತರೆ ನಿಲ್ಲುವ ಗಾಡಿ

ಏಳು ಗಂಟೆಗೇ ತಳ್ಳಿಕೊಂಡು ಬಂದ ಜಡಿಯ.
ಆನೆ ಕಾವಲಿನ ಬೈಕು. ಹಿಂದಿನ ಸೀಟಿಗೆ ಕಟ್ಟಿದ ಪಟಾಕಿ ಚೀಲ,
ಟಾರ್ಚು, ಲಾಠಿಯ ಬದಲಿಗೆ ಒಂದು ಕೊಡೆ.
"ಓಡುವಾಗ ಏನಿಲ್ಲ. ನಾನು ನಿಂತರೆ ಇದೂ ನಿಲ್ತದೆ."
ಇವನಿಗೋ ನಿಲ್ಲುವುದೇ ಕೆಲಸ.
ಮಾಲ್ದಾರೆ ತಿರುವಿನಲ್ಲಿ ನಿನ್ನೆ ಒಂಟಿ ಸಲಗ
ದಾಟಲೋ ಬೇಡವೋ ಎಂದು ಯೋಚಿಸುತ್ತಿರುವಾಗ
ಇಂಜಿನ್ನು ಎರಡು ಸಲ ಕೆಮ್ಮಿ ಆರಿಹೋಯಿತಂತೆ.
"ಆಮೇಲೆ?"
"ಅದು ನನ್ನ ನೋಡಿತು. ನಾನು ಸ್ಪೀಡೋಮೀಟರ್ ನೋಡಿದೆ."

ಟ್ಯಾಂಕು ಎತ್ತಿದೆ. ಏರ್ ಫಿಲ್ಟರಿನ ತುಂಬ ಕಾಫಿ ಕಣದ ಹೊಟ್ಟು.
ಥ್ರಾಟಲ್ ಬಾಡಿಯ ಬಾಯಿ
ಬೀಡಿ ಸೇದುವವನ ಒಸಡಿನ ಹಾಗೆ ಕಪ್ಪು.
ಬನಿಯನ್ ತುಂಡಿನಿಂದ ಒರೆಸಿದೆ, ಒಳಗಿನ ಹಿತ್ತಾಳೆ ಚಿಟ್ಟೆ
ಒಂದೇ ರೆಕ್ಕೆಯಲ್ಲಿ ಮಗುಚಿ ಕೂತಿತು.
ಕೀ ಆನ್, ಇಂಜಿನ್ ಆಫ್. ಪಂಪು ಝೀ ಎಂದು ಸುಮ್ಮನಾಯಿತು.
ಟೈಲರ್ ಫಿಲೋಮಿನಾಳ ಗುಂಡುಸೂಜಿಯನ್ನು
ಸಿಗ್ನಲ್ ತಂತಿಯ ಬೆನ್ನಿಗೆ ತೂರಿಸಿ ಮೀಟರು ಹಿಡಿದೆ:
ಸೊನ್ನೆ ಪಾಯಿಂಟ್ ಏಳು ಒಂದು.

ಮುಚ್ಚಿದ ಬಾಗಿಲು ತೆರೆದಿದೆ ಎಂದು
ಇಸಿಯುವಿಗೆ ಚಾಡಿ ಹೇಳುತ್ತಿದೆ ಸೆನ್ಸರು.
ಪಾಪ, ಅದು ನಂಬಿದೆ.
ಕಿವಿಯಿಲ್ಲ, ಕಣ್ಣಿಲ್ಲ, ನಂಬುವುದೊಂದೇ ಗೊತ್ತು ಅದಕ್ಕೆ.
ಸವಾರ ಓಡುತ್ತಲೇ ಇದ್ದಾನೆಂದುಕೊಂಡು
ಐಡ್ಲಿನ ಲೆಕ್ಕವನ್ನೇ ಕೈಬಿಟ್ಟಿದೆ.

ಆಗ ಕಂಡಿತು ಸ್ಕ್ರೂ.
ಕಂಪನಿಯ ಹಳದಿ ಚುಕ್ಕೆ ಒಡೆದಿದೆ,
ನಕ್ಷತ್ರದ ತಲೆಯ ಆರು ಮೂಲೆಯಲ್ಲಿ ಎರಡು ಸವೆದಿವೆ.
ಈ ಗೀರು ನನಗೆ ಗೊತ್ತು.
ಸಿದ್ದಾಪುರದಲ್ಲಿ ಅಲೆನ್ ಕೀಯನ್ನು ಅರದಲ್ಲಿ ಉಜ್ಜಿ
ನಕ್ಷತ್ರ ಮಾಡಿಕೊಳ್ಳುವವರು ಒಬ್ಬರೇ.

ಹೊರಗೆ ಸ್ಟೂಲಿನ ಮೇಲೆ ಹಂಸಾಕ,
ಯಾರೂ ಕೇಳದ ಪ್ಲಗ್ಗಿಗೆ ಉಪ್ಪುಕಾಗದ ಉಜ್ಜುತ್ತ.
ಹಾಲಿಂದ ನೀರು ಬೇರೆ ಮಾಡುವ ಹಕ್ಕಿಯ ಹೆಸರು, ಎನ್ನುತ್ತಿದ್ದರು ಮೇಷ್ಟ್ರು.
ಇವರು ಕಾರ್ಬುರೇಟರಿನ ಕಾಲದಲ್ಲಿ
ಸ್ಕ್ರೂಡ್ರೈವರಿನ ಹಿಡಿಯನ್ನು ದವಡೆಗೆ ಆನಿಸಿ, ಕಣ್ಣು ಮುಚ್ಚಿ,
ಗಾಳಿಯ ಪಾಲು ಗಾಳಿಗೆ, ಪೆಟ್ರೋಲಿನದು ಪೆಟ್ರೋಲಿಗೆ ಕೊಟ್ಟವರು:
ಕಾಲು ಸುತ್ತು, ಅರ್ಧ ಕಾಲು, ಅದರ ಕಾಲು.
ನನ್ನನ್ನು ಮೋಳೇ ಎಂದು ಕರೆಯುತ್ತಾರೆ, ಮಗಳೇ ಎಂದು.
ಊರಿಗೆ ಅದು ಮೊಳೆ ಎಂದು ಕೇಳಿಸಿ
ಹದಿನೈದು ವರ್ಷದಿಂದ ನಾನು ಮೊಳೆ.

"ಅಲುಗಿ ಅಲುಗಿ ಸಡಿಲಾಗಿದೆ" ಎಂದೆ ಜಡಿಯನಿಗೆ,
ಸೆನ್ಸರಿನಷ್ಟೇ ನಯವಾಗಿ.

ಸ್ಕ್ರೂ ಬಿಡಿಸಿ ಉಗುರಿನಿಂದ ತಳ್ಳಿದೆ. ಅರವತ್ತಾರು.
ಇನ್ನೊಂದು ಕೂದಲೆಳೆ. ಐವತ್ತೆಂಟು!
ಬಿಗಿ ಮಾಡಿದರೆ ಹೊರಳಿ ಅರವತ್ತೆರಡು.
ಮತ್ತೆ ಬಿಡಿಸು. ಮತ್ತೆ ತಳ್ಳು. ಐವತ್ತೊಂದು, ದರಿದ್ರ.
ನಾಲ್ಕನೇ ಸಲಕ್ಕೆ ಕೂತಿತು ಐವತ್ತೆಂಟರಲ್ಲಿ,
ನಾನು ಉಸಿರು ಬಿಟ್ಟ ಮೇಲೂ.

ಸ್ಟಾರ್ಟ್ ಮಾಡಿ ಹಾಗೇ ಬಿಟ್ಟೆ.
ಬಿಸಿಯಾಗಲಿ, ಇಸಿಯು ಹಳೆಯ ನಂಬಿಕೆ ಮರೆಯಲಿ.
ಸಾವಿರದ ಮುನ್ನೂರರಲ್ಲಿ ಮುಳ್ಳು, ಚೂರು ನಡುಗಿ, ನಿಂತು.
ಹಂಸಾಕ ಎದ್ದು ಬಂದರು. ಎಡಗಿವಿ ಪೂರ್ತಿ ಹೋಗಿದೆ, ಬಲದ್ದು ಅರೆಬರೆ.
ಗಬ್ಬದ ಹಸುವನ್ನು ಮುಟ್ಟಿ ದಿನ ಎಣಿಸುವಂತೆ
ಟ್ಯಾಂಕಿಗೆ ಅಂಗೈ ಇಟ್ಟರು.
"ಎಷ್ಟಿಟ್ಟೆ?"
"ಐವತ್ತೆಂಟು."
"ನಾನು ಮೀಟರು ಇಡಲಿಲ್ಲ. ಆ ದಿನ ಸದ್ದು ಸರಿ ಇತ್ತು."
ಜಡಿಯ ಫೋನಿನಲ್ಲಿದ್ದ, ಯಾವ ಎಸ್ಟೇಟಿನ ಲೈನ್ ಮನೆ ಹಿಂದೆ ಎಷ್ಟು ಆನೆ ಎಂದು.
ಕೇಳಿಸಿತೋ ಇಲ್ಲವೋ.

ಗುರುತಿಗೆಂದು ಇಟ್ಟ ಕೆಂಪು ನೇಲ್ ಪಾಲಿಶನ್ನು
ಅವರ ಕೈಗೇ ಕೊಟ್ಟೆ.
ಚುಕ್ಕೆ ಇಡಲು ಹೋಗಿ ಸ್ಕ್ರೂವಿನ ಸುತ್ತ ಹರಡಿತು,
ಒರೆಸಲಿಲ್ಲ.

ಸೇತುವೆಯ ಬಳಿ ಮೆಣಸಿನ ಜೀಪಿಗೆ ದಾರಿ ಬಿಡಲು
ಜಡಿಯ ಕಾಲೂರಿದ. ಜೀಪು ರಿವರ್ಸಿಗೆ ಒದ್ದಾಡುತ್ತಿತ್ತು.
ಹಂಸಾಕ ನನ್ನ ಮುಖ ನೋಡಿದರು:
"ನಿಂತಿತಾ ಮೋಳೇ?"
"ಗಾಡಿ ನಿಂತಿದೆ" ಎಂದೆ, ಬಲಗಿವಿಗೆ ಬಾಗಿ.
"ಇಂಜಿನ್ನು ನಿಂತಿಲ್ಲ."
ಅವರು ಸ್ಟೂಲಿಗೆ ಹೋಗಿ
ಅದೇ ಪ್ಲಗ್ಗು ಎತ್ತಿಕೊಂಡರು.